ಆ ಲಕೋಟೆಯನ್ನು ಒಲೆಗೆ ಹಾಕಬೇಡಿ

ಈ ತಿಂಗಳು ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಅಂಚೆಯಲ್ಲಿ ಬಂದ ಬಹುಮಾನ. ಹಾಗಾಗಿ ಆಸ್ತಿ ಪಾಲು, ಬಾಡಿಗೆ ತಕರಾರಿನ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಬರೆದವರ ಹೆಸರು ಹಾಕಿಲ್ಲ. ಹಲವರು ಹಾಕಬೇಡಿ ಎಂದೇ ಕೇಳಿಕೊಂಡಿದ್ದಾರೆ.

ಪ್ರಶ್ನೆ: ನನ್ನ ಹೆಂಡತಿ ಹೆಸರಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಲಕೋಟೆ ಬಂತು. ಒಳಗೆ ಸ್ಕ್ರ್ಯಾಚ್ ಕಾರ್ಡು. ನಾಣ್ಯದಿಂದ ಕೆರೆದು ನೋಡಿದರೆ ‘ಎರಡನೇ ಬಹುಮಾನ, ಕಾರು, 12,80,000 ರೂ.’ ಎಂದಿದೆ. ಆರು ತಿಂಗಳ ಹಿಂದೆ ಆಕೆ ಆನ್‌ಲೈನಿನಲ್ಲಿ ಎರಡು ಸೀರೆ ತರಿಸಿದ್ದಳು. ಅದೇ ಕಂಪನಿ ಹೆಸರು ಕಾರ್ಡಿನ ಮೇಲಿದೆ. ಫೋನ್ ಮಾಡಿದರೆ ಕನ್ನಡದಲ್ಲೇ ಚೆನ್ನಾಗಿ ಮಾತಾಡಿದರು. ಕಾರು ಬೇಡವಾದರೆ ದುಡ್ಡನ್ನೇ ಕೊಡುತ್ತೇವೆ, ಮೊದಲು ಒಂದು ಪರ್ಸೆಂಟ್ ಟ್ಯಾಕ್ಸ್ ಅಂತ 12,800 ರೂ. ಹಾಕಿ ಅಂದರು. ಲೆಟರಿನಲ್ಲಿ ಸೀಲು, ಸಹಿ ಎಲ್ಲ ಇದೆ. ಹಾಕಬಹುದಾ ಸರ್?
— ರೈತರು, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಹಾಕಬೇಡಿ. ಒಂದು ರೂಪಾಯಿಯನ್ನೂ ಹಾಕಬೇಡಿ.

ನೀವು ಕಳಿಸಿದ ಜೆರಾಕ್ಸ್ ಪ್ರತಿ ನನ್ನ ಮೇಜಿನ ಮೇಲಿದೆ. ಅದರಲ್ಲಿ ಮೂರು ದುಂಡು ಮೊಹರುಗಳಿವೆ. ಒಂದರ ಸುತ್ತ ತೆರಿಗೆ ಇಲಾಖೆಯ ಹೆಸರು, ಇನ್ನೊಂದರಲ್ಲಿ ಬ್ಯಾಂಕಿನದು, ಮೂರನೆಯದರಲ್ಲಿ ಕಂಪನಿಯದು. ಮಸೂರ ಹಿಡಿದು ನೋಡಿದೆ. ಮೂರರಲ್ಲೂ ನಡುವಿನ ಸಿಂಹದ ಎಡಗಿವಿಯ ಹತ್ತಿರ ಒಂದೇ ಥರ ಶಾಯಿ ಹಾರಿದೆ. ಅಂದರೆ ಒಂದೇ ಚಿತ್ರವನ್ನು ಮೂರು ಕಡೆ ಅಂಟಿಸಿ ಸುತ್ತಲಿನ ಅಕ್ಷರ ಬದಲಿಸಿದ್ದಾರೆ. ಹಿಂಬದಿಯ ನಿಯಮಗಳಲ್ಲಿ ಆರನೆಯದನ್ನು ಇನ್ನೊಮ್ಮೆ ಓದಿ: ಬಹುಮಾನ ಕೈಸೇರುವವರೆಗೆ ವಿಷಯವನ್ನು ಯಾರಿಗೂ ತಿಳಿಸಬಾರದಂತೆ. ಸರ್ಕಾರದ ಯಾವ ತೆರಿಗೆಗೂ ಇಂಥ ಷರತ್ತು ಇಲ್ಲ. ಮನೆಯಲ್ಲಿ ಯಾರಾದರೂ ‘ತಡಿ, ಒಂದು ಮಾತು ಕೇಳೋಣ’ ಎನ್ನುವುದನ್ನು ತಪ್ಪಿಸಲಿಕ್ಕೇ ಆ ಸಾಲು ಬರೆದಿರುವುದು.

ಈಗ ತೆರಿಗೆ. ಈ ಮೋಸ ಇಷ್ಟು ಸುಲಭವಾಗಿ ನಂಬಿಕೆ ಹುಟ್ಟಿಸುವುದು ಅದರಲ್ಲಿ ಅರ್ಧ ನಿಜ ಬೆರೆತಿರುವುದರಿಂದ. ಲಾಟರಿ, ಸ್ಪರ್ಧೆಗಳಲ್ಲಿ ಗೆದ್ದರೆ ಆದಾಯ ತೆರಿಗೆ ಇರುವುದು ಹೌದು. ಆದರೆ ದರ ಶೇ. 30. ಹಣದ ಬಹುಮಾನವಾದರೆ ಕೊಡುವವರೇ ಅದನ್ನು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ, ಗೆದ್ದವರು ಮುಂಗಡ ಕಟ್ಟುವುದಿಲ್ಲ. ಕಾರಿನಂಥ ವಸ್ತುವಾದರೆ ಮಾತ್ರ, ಅದನ್ನು ಬಿಟ್ಟುಕೊಡುವ ಮೊದಲು ತೆರಿಗೆ ಪಾವತಿಯಾಗಿದೆಯೇ ಎಂದು ಕೊಡುವವರು ಖಾತ್ರಿ ಮಾಡಿಕೊಳ್ಳಬೇಕು. ವಂಚಕರು ಹಿಡಿದುಕೊಂಡಿರುವುದು ಈ ಎಳೆಯನ್ನೇ. ನಿಮ್ಮ ಲೆಕ್ಕದಲ್ಲಿ ಅದು 3,84,000 ರೂ. ಆಗಬೇಕು, 12,800 ಅಲ್ಲ. ಅದೂ ಪ್ಯಾನ್ ನಂಬರಿನ ಮೇಲೆ ಚಲನ್ ಮೂಲಕ ಸರ್ಕಾರದ ಖಜಾನೆಗೆ ಹೋಗುವ ಹಣ. ನಿಮಗೆ ಕೊಟ್ಟಿರುವುದು ಯಾರೋ ಒಬ್ಬ ವ್ಯಕ್ತಿಯ ಉಳಿತಾಯ ಖಾತೆಯ ನಂಬರು. ತೆರಿಗೆ ಇಲಾಖೆ ಯಾರ ಉಳಿತಾಯ ಖಾತೆಯಲ್ಲೂ ತೆರಿಗೆ ತೆಗೆದುಕೊಳ್ಳುವುದಿಲ್ಲ.

ಇನ್ನು ಲಾಟರಿ ಎನ್ನುವುದಾದರೂ ಎಲ್ಲಿಂದ ಬಂತು? 1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ಲಾಟರಿ ನಡೆಸುವ ಹಕ್ಕು ರಾಜ್ಯ ಸರ್ಕಾರಗಳಿಗೆ ಮಾತ್ರ. ಟಿಕೆಟಿನ ಮೇಲೆ ಆ ರಾಜ್ಯದ ಲಾಂಛನ ಇರಬೇಕು, ಡ್ರಾ ಆ ರಾಜ್ಯದೊಳಗೇ ನಡೆಯಬೇಕು, ಬಂದ ಹಣ ರಾಜ್ಯದ ಖಾತೆಗೇ ಹೋಗಬೇಕು. ಬೇರೆ ರಾಜ್ಯದ ಲಾಟರಿಯನ್ನು ತನ್ನಲ್ಲಿ ಮಾರದಂತೆ ತಡೆಯುವ ಅಧಿಕಾರ ಅದೇ ಕಾಯ್ದೆಯ 5ನೇ ಕಲಮಿನಲ್ಲಿದೆ. ಕರ್ನಾಟಕದಲ್ಲಂತೂ 2007ರಿಂದ ಲಾಟರಿಯೇ ಇಲ್ಲ. ಟಿಕೆಟ್ ಕೊಳ್ಳದವರಿಗೆ ಬಹುಮಾನ ಬರುವ ಲಾಟರಿ ದೇಶದ ಯಾವ ರಾಜ್ಯದಲ್ಲೂ ಇಲ್ಲ.

ನೀವು ದುಡ್ಡು ಕಳೆದುಕೊಂಡಿಲ್ಲ, ಹಾಗಂತ ಸುಮ್ಮನಿರಬೇಕಿಲ್ಲ. ವಂಚನೆಯ ಪ್ರಯತ್ನವೂ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಂ ವಂಚನೆಗೆ ಏಳು ವರ್ಷದವರೆಗೆ ಸಜೆ ಹೇಳುತ್ತದೆ, 62ನೇ ಕಲಂ ಪ್ರಯತ್ನವನ್ನು ಶಿಕ್ಷಿಸುತ್ತದೆ. ಮೋಸ ಮಾಡಲೆಂದು ಇಲಾಖೆಯ ಹೆಸರಿನ ನಕಲಿ ಪತ್ರ ಸೃಷ್ಟಿಸಿದ್ದಕ್ಕೆ 336ನೇ ಕಲಂ ಬೇರೆ. ಅನಧಿಕೃತ ಲಾಟರಿಯ ಆಹ್ವಾನವನ್ನು ಪ್ರಕಟಿಸುವುದಕ್ಕೂ 297ನೇ ಕಲಮಿನಲ್ಲಿ ದಂಡವಿದೆ, ಆದರೆ ಬರೀ 5,000 ರೂ.ವರೆಗೆ. ಸಾವಿರಾರು ಮನೆಗೆ ಕಾರ್ಡು ಹಂಚುವವರಿಗೆ ಈ ದಂಡ ತೀರಾ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದಲೇ ದೂರು ಬರೆಯುವಾಗ ಲಾಟರಿ ಎಂಬ ಪದಕ್ಕಿಂತ ವಂಚನೆ, ನಕಲಿ ದಾಖಲೆ ಎಂಬ ಪದಗಳನ್ನು ಮುಂದಿಡಿ.

ಎಲ್ಲಕ್ಕಿಂತ ಮುಖ್ಯ, ಹೊರಗಿನ ಲಕೋಟೆಯನ್ನು ಜೋಪಾನ ಮಾಡಿ. ಎಲ್ಲರೂ ಕಾರ್ಡನ್ನು ಇಟ್ಟುಕೊಂಡು ಲಕೋಟೆಯನ್ನು ಒಲೆಗೆ ಹಾಕುತ್ತಾರೆ. ಆ ಲಕೋಟೆಯ ಮೇಲೆ ಬಾರ್‌ಕೋಡಿನ ಕೆಳಗೆ 13 ಅಕ್ಷರ–ಅಂಕಿಗಳ ಒಂದು ನಂಬರು ಇರುತ್ತದೆ. ಅಂಚೆ ಇಲಾಖೆಯ ಜಾಲತಾಣದಲ್ಲಿ ಅದನ್ನು ಹಾಕಿದರೆ ಲಕೋಟೆ ಯಾವ ಅಂಚೆ ಕಚೇರಿಯಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ ಬುಕ್ ಆಯಿತು ಎಂದು ತೋರಿಸುತ್ತದೆ. ಫೋನಿನಲ್ಲಿ ಮಾತಾಡಿದವನ ಸಿಮ್ಮು ಯಾರದ್ದೋ ಆಗಿರಬಹುದು, ಖಾತೆ ಇನ್ಯಾರದ್ದೋ. ಆದರೆ ಆ ದಿನ ಆ ಕೌಂಟರಿನ ಮುಂದೆ ಲಕೋಟೆಗಳ ಕಟ್ಟು ಹಿಡಿದು ಒಬ್ಬ ಮನುಷ್ಯ ನಿಂತಿದ್ದ. ಇವತ್ತೇ ನೋಡಿ, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಇಂಥದೇ ಕಾಗದ ನಂಬಿ ಮೂರು ಕಂತಿನಲ್ಲಿ 1,86,000 ರೂ. ಕಟ್ಟಿದ್ದೇನೆ. ನಾಲ್ಕು ತಿಂಗಳಾಯಿತು. ಮಗನಿಗೂ ಸೊಸೆಗೂ ಗೊತ್ತಿಲ್ಲ. ಕರ್ನಾಟಕದಲ್ಲಿ ಲಾಟರಿ ನಿಷೇಧವಿದೆ ಎನ್ನುತ್ತಾರೆ, ದೂರು ಕೊಟ್ಟರೆ ನನ್ನ ಮೇಲೇ ಕೇಸಾಗುತ್ತದೆಯೇ? ಇಷ್ಟು ಮಕ್ಕಳಿಗೆ ಪಾಠ ಹೇಳಿದವಳು ಠಾಣೆಯಲ್ಲಿ ಯಾವ ಮುಖ ಇಟ್ಟುಕೊಂಡು ಹೇಳಲಿ? ಹೆಸರು ಬೇಡ.
— ತಿಪಟೂರು

ಉತ್ತರ: ಅಮ್ಮಾ, ಮೊದಲು ಕಾನೂನಿನ ಮಾತು. ನಿಷೇಧಿತ ಲಾಟರಿಯ ಟಿಕೆಟ್ ಮಾರುವುದಷ್ಟೇ ಅಲ್ಲ, ಕೊಳ್ಳುವುದೂ ಲಾಟರಿ ಕಾಯ್ದೆಯ 7ನೇ ಕಲಮಿನಲ್ಲಿ ಅಪರಾಧ ನಿಜ. ಆದರೆ ನೀವು ಯಾವ ಟಿಕೆಟನ್ನೂ ಕೊಂಡಿಲ್ಲ. ಅಲ್ಲಿ ಲಾಟರಿಯೇ ಇರಲಿಲ್ಲ. ಸುಳ್ಳು ಹೇಳಿ ನಿಮ್ಮ ಕೈಯಿಂದ ಹಣ ಬಿಡಿಸಿಕೊಂಡಿದ್ದಾರೆ, ಅಷ್ಟೇ. ನೀವು ಇದರಲ್ಲಿ ವಂಚನೆಗೊಳಗಾದವರು, ಆರೋಪಿಯಲ್ಲ.

ಎರಡನೆಯದು ಮುಖದ ಮಾತು. 318ನೇ ಕಲಂ ಕೇಳುವುದು ಎರಡೇ ಪ್ರಶ್ನೆ: ಮೋಸದ ಮಾತು ಆಡಿದರೇ, ಅದರಿಂದಾಗಿ ಎದುರಿನವರು ಹಣ ಕೊಟ್ಟರೇ. ಎದುರಿನವರು ಆಸೆಪಟ್ಟರೇ, ಅವರು ಓದಿದವರೇ, ಅವರಿಗೆ ತಿಳಿಯಬೇಕಿತ್ತಲ್ಲವೇ ಎಂದು ಕಾನೂನು ಕೇಳುವುದಿಲ್ಲ. ಠಾಣೆಯಲ್ಲಿ ಯಾರಾದರೂ ಕೇಳಿದರೆ ಅದು ಅವರ ತಪ್ಪು.

ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಪತ್ರಿಕೆಯೊಂದರ ಜಾಹೀರಾತಿನಲ್ಲಿದ್ದ ಅಂಕಿಗಳ ಚೌಕ ತುಂಬಿ ಕಳಿಸಿದರು. ಎತ್ತ ಕೂಡಿದರೂ 15 ಬರಬೇಕಾದ ಆ ಚೌಕ. ‘ನಿಮಗೆ ಟ್ರಾನ್ಸಿಸ್ಟರ್ ಬಹುಮಾನ, ಸಾಗಣೆ ವೆಚ್ಚ ಮಾತ್ರ ಕೊಡಿ’ ಎಂದು ಉತ್ತರ ಬಂತು. ಅಂಚೆಯಣ್ಣ ವಿ.ಪಿ.ಪಿ. (ಹಣ ಕಟ್ಟಿ ಬಿಡಿಸಿಕೊಳ್ಳುವ ಪಾರ್ಸೆಲ್) ತಂದ ದಿನ ಅಪ್ಪ ಪಕ್ಕದ ಮನೆಯವರಿಂದ ಕೈಗಡ ತಂದು ಬಿಡಿಸಿಕೊಂಡರು. ಡಬ್ಬದಲ್ಲಿದ್ದುದು ಪ್ಲಾಸ್ಟಿಕ್ಕಿನ ಹೊರಕವಚ, ಒಳಗೆ ಭಾರಕ್ಕೆಂದು ಕಾಗದ ಸುತ್ತಿ ಇಟ್ಟ ಹೆಂಚಿನ ಚೂರು. ಮನೆಯವರಿಗೆಲ್ಲ ಅಪ್ಪ ಹೇಳಿದ್ದು, ‘ರೇಡಿಯೋ ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೇನೆ’ ಎಂದು. ರೇಡಿಯೋ ಯಾವಾಗ ಬರುತ್ತದೆ ಎಂದು ನಾನು ವರ್ಷವಿಡೀ ಕೇಳಿದೆ. ಒಂದು ಸಂಜೆ ಬೈದರು, ಆಮೇಲೆ ಕೇಳುವುದನ್ನು ಬಿಟ್ಟೆ. ಕಳಿಸಿದವರ ಮೇಲೆ ಅಪ್ಪ ಒಂದು ಕಾರ್ಡನ್ನೂ ಬರೆಯಲಿಲ್ಲ. ಆ ಊರಲ್ಲಿ ಇನ್ನೂ ಇಬ್ಬರಿಗೆ ಅದೇ ಡಬ್ಬ ಬಂದಿತ್ತೆಂದು ಎಷ್ಟೋ ಕಾಲದ ಮೇಲೆ ತಿಳಿಯಿತು. ಅವರೂ ಬಾಯಿ ಬಿಟ್ಟಿರಲಿಲ್ಲ. ಮೂರು ಮನೆಯವರು ಒಟ್ಟಿಗೆ ಕೂತು ಒಂದು ಅರ್ಜಿ ಬರೆದಿದ್ದರೆ ಏನಾಗುತ್ತಿತ್ತೋ ಎಂದು ವಕೀಲಿಕೆಗೆ ಬಂದ ಮೇಲೆ ಬಹಳ ಸಲ ಯೋಚಿಸಿದ್ದೇನೆ.

ಈಗ ಮಾಡಬೇಕಾದ ಕೆಲಸ. 1930ಕ್ಕೆ ಫೋನ್ ಮಾಡಿ, ಸರ್ಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ. ಆಮೇಲೆ ನಿಮ್ಮ ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆಗೆ ಪಾಸ್‌ಬುಕ್ಕು, ಮೂರೂ ಪಾವತಿಗಳ ರಸೀದಿ, ಕಾಗದ, ಲಕೋಟೆ, ಫೋನು ಎಲ್ಲ ತೆಗೆದುಕೊಂಡು ಹೋಗಿ. ಮೊದಲ ಕೆಲವು ಗಂಟೆಗಳಲ್ಲೇ ಫೋನ್ ಮಾಡಿದ್ದರೆ ಹಣ ಇನ್ನೂ ಖಾತೆಯಲ್ಲಿರುವಾಗಲೇ ತಡೆಯುವ ಅವಕಾಶ ಹೆಚ್ಚಿರುತ್ತಿತ್ತು. ನಾಲ್ಕು ತಿಂಗಳ ಮೇಲೆ ಪೂರ್ತಿ ಹಣ ಬಂದೀತು ಎಂದು ನಾನು ಸುಳ್ಳು ಆಸೆ ಹುಟ್ಟಿಸಲಾರೆ. ಆದರೆ ಬೇರೆಯವರ ದೂರಿನ ಮೇಲೆ ಆ ಖಾತೆ ಈಗಾಗಲೇ ಮುಟ್ಟುಗೋಲಾಗಿ ಅದರಲ್ಲಿ ಹಣ ಉಳಿದಿದ್ದರೆ, ಅದರಲ್ಲಿ ನಿಮ್ಮ ಪಾಲು ಕೇಳಲಿಕ್ಕೂ ನಿಮ್ಮ ಹೆಸರಿನಲ್ಲಿ ಒಂದು ದೂರು ಇರಲೇಬೇಕು. ಪೊಲೀಸರು ತಡೆಹಿಡಿದ ಹಣವನ್ನು ಮರಳಿಸಲು ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಬ್ಯಾಂಕು ತುಂಬಿಕೊಡಬೇಕು ಎಂದು ಕೆಲವರು ಹೇಳುವುದು ಸರಿಯಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ರಕ್ಷಣೆ ಗ್ರಾಹಕರ ಒಪ್ಪಿಗೆಯಿಲ್ಲದೆ ನಡೆದ ವಹಿವಾಟಿಗೆ. ಇಲ್ಲಿ ಹಣ ಕಳಿಸಿದ್ದು ನೀವೇ.

ತಡವಾಯಿತೆಂದು ದೂರನ್ನು ತಿರಸ್ಕರಿಸುವಂತಿಲ್ಲ. ಮೂರು ವರ್ಷ ಮೀರಿದ ಸಜೆಯ ಅಪರಾಧಗಳಿಗೆ ಕಾಲಮಿತಿ ಇಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ನಿಮ್ಮೂರ ಕೋರ್ಟಿನ ಆವರಣದಲ್ಲೇ ಇದೆ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮಗನಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಠಾಣೆಗೆ ಒಬ್ಬರೇ ಹೋಗಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಇನ್ನೊಂದು ಎಚ್ಚರ. ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಪ್ರೊಸೆಸಿಂಗ್ ಫೀಸ್ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಅದೂ ಇದೇ ಜಾತಿಯ ಮೋಸ. ಒಮ್ಮೆ ಹಣ ಕೊಟ್ಟವರ ಹೆಸರು, ವಿಳಾಸಗಳ ಪಟ್ಟಿಗೆ ವಂಚಕರ ನಡುವೆ ಬೆಲೆ ಇದೆ.

ಪ್ರಶ್ನೆ: ಲಕೋಟೆ ಕೋಲ್ಕತ್ತದಿಂದ ಬಂದಿದೆ, ಅಲ್ಲಿಯೇ ಹೋಗಿ ದೂರು ಕೊಡಿ ಎಂದು ಠಾಣೆಯಲ್ಲಿ ವಾಪಸ್ ಕಳಿಸಿದರು. ಏನು ಮಾಡಲಿ?
— ಎಂ.ಆರ್., ಸಿಂಧನೂರು

ಉತ್ತರ: ಹಾಗೆ ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ‘ಅಪರಾಧ ಎಲ್ಲೇ ನಡೆದಿರಲಿ’ ಮಾಹಿತಿ ದಾಖಲಿಸಿಕೊಳ್ಳಬೇಕು ಎನ್ನುತ್ತದೆ. ಇದನ್ನೇ ಜನ ಝೀರೋ ಎಫ್‌ಐಆರ್ ಎನ್ನುವುದು. ಎಫ್‌ಐಆರ್ ಪ್ರತಿ ನಿಮಗೆ ಉಚಿತವಾಗಿ ಕೊಡಬೇಕು. ಮತ್ತೆ ನಿರಾಕರಿಸಿದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಆ ಹಂತಕ್ಕೆ ಎಸ್‌ಪಿಗೆ ಕಳಿಸಿದ ಆ ರಸೀದಿ ಬೇಕೇ ಬೇಕು.

ಪ್ರಶ್ನೆ: ದಾವಣಗೆರೆಯಲ್ಲಿ ಓದುವ ನನ್ನ ಮಗ ಗೆಳೆಯನೊಬ್ಬನ ಮಾತು ಕೇಳಿ ತನ್ನ ಬ್ಯಾಂಕ್ ಖಾತೆಯ ಎಟಿಎಂ ಕಾರ್ಡು, ಸಿಮ್ಮು ಎರಡನ್ನೂ 5,000 ರೂ.ಗೆ ಯಾರಿಗೋ ಕೊಟ್ಟಿದ್ದಾನೆ. ಈಗ ಖಾತೆ ಫ್ರೀಜ್ ಆಗಿದೆ. ಲಾಟರಿ ದುಡ್ಡು ಅದರಲ್ಲಿ ಬಂದಿತ್ತಂತೆ. ಮಗನಿಗೆ ಏನೂ ಗೊತ್ತಿರಲಿಲ್ಲ. ಅವನ ಭವಿಷ್ಯದ ಗತಿ ಏನು?
— ತಾಯಿ, ತರೀಕೆರೆ

ಉತ್ತರ: ಮೇಲೆ ತಿಪಟೂರಿನಿಂದ ಬರೆದ ಶಿಕ್ಷಕಿಯಂಥವರ ದುಡ್ಡು ಹೋಗಿ ಬೀಳುವುದು ಇಂಥ ಖಾತೆಗಳಿಗೇ. ಇದನ್ನು ನಿಮ್ಮ ಮನಸ್ಸು ನೋಯಿಸಲು ಹೇಳುತ್ತಿಲ್ಲ. ಮಗನಿಗೆ ಇದು ಅರ್ಥವಾಗಲೇಬೇಕು. ಖಾತೆ ಅವನ ಹೆಸರಿನಲ್ಲಿರುವುದರಿಂದ ಪೊಲೀಸರು ಮೊದಲು ಬರುವುದು ಅವನ ಬಳಿಗೇ. ಮೋಸದ ಉದ್ದೇಶ ತಿಳಿದೂ ಕೊಟ್ಟಿದ್ದರೆ ಅವನೂ ಪಾಲುದಾರ, ತಿಳಿಯದೆ ಕೊಟ್ಟಿದ್ದರೆ ಅದನ್ನು ತೋರಿಸಲು ಅವಕಾಶವಿದೆ. ಆದರೆ ಅವಿತುಕೊಂಡವನ ಮಾತನ್ನು ಯಾರೂ ನಂಬುವುದಿಲ್ಲ.

ಒಬ್ಬ ವಕೀಲರನ್ನು ಜೊತೆಗೆ ಕರೆದುಕೊಂಡು ನೀವಾಗಿಯೇ ಠಾಣೆಗೆ ಹೋಗಿ. ಕಾರ್ಡು ಯಾರಿಗೆ, ಎಲ್ಲಿ, ಯಾವಾಗ ಕೊಟ್ಟ, 5,000 ರೂ. ಹೇಗೆ ಬಂತು, ಇದನ್ನು ಬರವಣಿಗೆಯಲ್ಲಿ ಕೊಡಿ. ವಾಟ್ಸ್ಆ್ಯಪ್ ಸಂದೇಶ ಅಳಿಸಬಾರದು. ಅವನ ಪರ ಇರುವ ಸಾಕ್ಷ್ಯವೇ ಅದು. ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನ ನೋಟಿಸ್ ಬಂದರೆ ಹೇಳಿದ ದಿನ ತಪ್ಪದೆ ಹಾಜರಾಗಲಿ. ನೋಟಿಸಿನ ಪ್ರಕಾರ ನಡೆದುಕೊಳ್ಳುವವರನ್ನು ವಿಶೇಷ ಕಾರಣ ದಾಖಲಿಸದೆ ಬಂಧಿಸುವಂತಿಲ್ಲ. ಆ 5,000 ರೂ.ಯನ್ನು ಅವನ ಕೈಯಿಂದಲೇ ತನಿಖಾಧಿಕಾರಿಗೆ ಒಪ್ಪಿಸಿ.

ಪ್ರಶ್ನೆ: ಟ್ಯಾಕ್ಸ್ ಕಟ್ಟುವುದಿಲ್ಲ ಎಂದಮೇಲೆ ‘ಬಹುಮಾನ ಒಪ್ಪಿಕೊಂಡು ಕರಾರು ಮುರಿದಿದ್ದೀರಿ, ದೆಹಲಿ ಕೋರ್ಟಿನಲ್ಲಿ ಕೇಸ್’ ಎಂದು ನೋಟಿಸ್ ಕಳಿಸಿದ್ದಾರೆ. ಭಯವಾಗುತ್ತಿದೆ.
— ಬಿ.ಎಸ್., ಕುಣಿಗಲ್

ಉತ್ತರ: ಭಯ ಬೇಡ. ಇಲ್ಲದ ಬಹುಮಾನಕ್ಕೆ ಕರಾರೂ ಇಲ್ಲ. ನಿಜವಾದ ಸಮನ್ಸಿನಲ್ಲಿ ಪ್ರಕರಣದ ಸಂಖ್ಯೆ ಇರುತ್ತದೆ, ಇ–ಕೋರ್ಟ್ಸ್ ತಾಣದಲ್ಲಿ ಅದನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು. ನಿಮಗೆ ಬಂದದ್ದರಲ್ಲಿ ಸಂಖ್ಯೆಯ ಜಾಗದಲ್ಲಿ ಮತ್ತೊಂದು ಫೋನ್ ನಂಬರಿದೆ. ಆ ಹಾಳೆಯನ್ನೂ ದೂರಿಗೆ ಲಗತ್ತಿಸಿ.

ಪ್ರಶ್ನೆ: ಇದು ಸ್ವಲ್ಪ ಬೇರೆ. ಅಂಗಡಿ ನಿಜವಾದದ್ದೇ, ಬೋರ್ಡೂ ಇದೆ. ದಸರೆಗೆ ಮನೆಮನೆಗೆ ಕರಪತ್ರ ಕಳಿಸಿ, 3,000 ರೂ. ವ್ಯಾಪಾರಕ್ಕೊಂದು ಕೂಪನ್, ಮೊದಲ ಬಹುಮಾನ ಸ್ಕೂಟರ್ ಎಂದರು. ಸಂಕ್ರಾಂತಿ ಕಳೆದರೂ ಡ್ರಾ ನಡೆದಿಲ್ಲ, ಕೇಳಿದರೆ ಉತ್ತರವಿಲ್ಲ.
— ಗೃಹಿಣಿ, ಮೈಸೂರು

ಉತ್ತರ: ನಿಮ್ಮ ದಾರಿ ಗ್ರಾಹಕ ಆಯೋಗದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ವಿವರಣೆಯಲ್ಲೇ ಇದು ಬರುತ್ತದೆ. ಮಾರಾಟ ಹೆಚ್ಚಿಸಲು ಲಾಟರಿಯಂಥ ಅದೃಷ್ಟದಾಟ ನಡೆಸುವುದು, ಕೊಡುವ ಉದ್ದೇಶವಿಲ್ಲದೆ ಬಹುಮಾನ ಘೋಷಿಸುವುದು, ಯೋಜನೆ ಮುಗಿದ ಮೇಲೆ ಫಲಿತಾಂಶ ಮುಚ್ಚಿಡುವುದು ಎಲ್ಲವೂ ಸೇರಿವೆ. ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಎಷ್ಟೋ ಅಂಗಡಿಯವರು ಅಲ್ಲಿಂದ ಬಂದ ವಿಚಾರಣೆಗೇ ಬಗ್ಗುತ್ತಾರೆ. ಬಗ್ಗದಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗಿ. ಎರಡು ವರ್ಷದೊಳಗೆ ಹೋಗಬೇಕು. ಕೊಟ್ಟ ಬೆಲೆ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಬಿಲ್ಲು, ಕೂಪನ್, ಕರಪತ್ರ ಮೂರೂ ಇರಲಿ.

ಪ್ರಶ್ನೆ: ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ನಮ್ಮ ಮಾವನವರಿಗೆ 78 ವರ್ಷ. ‘ಸ್ವೀಪ್‌ಸ್ಟೇಕ್ಸ್ ಗೆದ್ದಿದ್ದೀರಿ’ ಎಂಬ ಕಾಗದಗಳು ದಿನಕ್ಕೆ ಹತ್ತಾದರೂ ಬರುತ್ತವೆ. ಪ್ರತಿಯೊಂದಕ್ಕೂ 20, 25 ಡಾಲರಿನ ಚೆಕ್ ಬರೆದು ಕಳಿಸುತ್ತಿದ್ದಾರೆಂದು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದಾಗ ಗೊತ್ತಾಯಿತು. ಅವರ ಮನಸ್ಸು ನೋಯದಂತೆ ನಿಲ್ಲಿಸುವುದು ಹೇಗೆ?
— ಸೊಸೆ, ಎಡಿಸನ್

ಉತ್ತರ: ನೀವಿರುವ ದೇಶದಲ್ಲಿ ಇದಕ್ಕೆ ಪ್ರತ್ಯೇಕ ಪೊಲೀಸರೇ ಇದ್ದಾರೆ, ಪೋಸ್ಟಲ್ ಇನ್‌ಸ್ಪೆಕ್ಷನ್ ಸರ್ವಿಸ್. ಅಂಚೆ ಬಳಸಿ ವಂಚಿಸಿದರೆ ಅಲ್ಲಿ 20 ವರ್ಷದವರೆಗೆ ಸಜೆ ಆಗಬಹುದು. 1999ರಲ್ಲಿ ಮೋಸದ ಅಂಚೆಯನ್ನು ತಡೆಯಲೆಂದೇ ಇನ್ನೊಂದು ಕಾಯ್ದೆ ಬಂತು. ಅದರಂತೆ ಸ್ವೀಪ್‌ಸ್ಟೇಕ್ಸ್ ಎಂಬ ಅದೃಷ್ಟ ಬಹುಮಾನದ ಕಾಗದದಲ್ಲಿ ‘ಏನನ್ನೂ ಕೊಳ್ಳಬೇಕಿಲ್ಲ, ಕೊಂಡರೂ ಗೆಲ್ಲುವ ಅವಕಾಶ ಹೆಚ್ಚುವುದಿಲ್ಲ’ ಎಂದು ಎದ್ದು ಕಾಣುವಂತೆ ಅಚ್ಚು ಹಾಕಬೇಕು, ಹೆಸರು ತೆಗೆದುಹಾಕಿ ಎಂದು ಕೇಳಿದವರಿಗೆ ಮತ್ತೆ ಕಳಿಸಬಾರದು. ಗೆದ್ದಿದ್ದೀರಿ, ಹಣ ಕಳಿಸಿ ಎನ್ನುವ ಕಾಗದ ಈ ಕಾಯ್ದೆಯ ಗಡಿಯನ್ನು ದಾಟಿ ನೇರ ವಂಚನೆಯಾಗುತ್ತದೆ. ಕಳಿಸುವವನ ವಿಳಾಸಕ್ಕೆ ಹೋಗುವ ಚೆಕ್ಕುಗಳನ್ನು ಅಂಚೆಯವರು ಹಿಂದಿರುಗಿಸುವಂತೆ ಆದೇಶ ತರುವ ಅಧಿಕಾರವೂ ಅಲ್ಲಿನ ಕಾನೂನಿನಲ್ಲಿದೆ. ನಮ್ಮಲ್ಲಿ ಇಂಥದ್ದೊಂದು ಬರಬೇಕೆಂದು ನಾನು ಬಹಳ ದಿನದಿಂದ ಬಯಸುತ್ತಿದ್ದೇನೆ.

ಈ ಜಾಲದ ಹರವು ದೊಡ್ಡದು. ಕಾಗದ ಒಂದು ದೇಶದಲ್ಲಿ ಅಚ್ಚಾಗುತ್ತದೆ, ಚೆಕ್ಕುಗಳು ಇನ್ನೊಂದು ದೇಶದ ಅಂಚೆ ಪೆಟ್ಟಿಗೆಗೆ ಹೋಗುತ್ತವೆ, ಮೂರನೆಯ ಕಡೆ ನಗದಾಗುತ್ತವೆ. 2016ರ ಜೂನಿನಲ್ಲಿ ಅಮೆರಿಕದ ನ್ಯಾಯ ಇಲಾಖೆ, ಇಂಥ ಲಕೋಟೆಗಳನ್ನು ತೆರೆದು ಹಣ ವಿಂಗಡಿಸಿಕೊಡುತ್ತಿದ್ದ ನೆದರ್ಲೆಂಡ್ಸ್‌ನ ಸಂಸ್ಥೆಗಳ ಮೇಲೆ ಕ್ರಮ ಕೈಗೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚೆಕ್ಕುಗಳನ್ನು ನಗದು ಮಾಡಿಸಿಕೊಡುತ್ತಿದ್ದ ಕೆನಡಾದ ವ್ಯಾಂಕೂವರಿನ ಪ್ಯಾಕ್‌ನೆಟ್ ಸಮೂಹವನ್ನು ಅಮೆರಿಕದ ಖಜಾನೆ ಇಲಾಖೆ ದೇಶಾಂತರ ಅಪರಾಧ ಸಂಘಟನೆ ಎಂದು ಘೋಷಿಸಿತು. ಕಾಗದ ಬರೆದವನು ಸಿಗದಿದ್ದರೆ ಹಣ ಹರಿಯುವ ಕಾಲುವೆಯನ್ನೇ ಕಟ್ಟುವುದು ಅವರ ಉಪಾಯ.

ಹಿರಿಯರ ವಂಚನೆ ಸಹಾಯವಾಣಿ 833-372-8311. ಫೋನ್ ಮಾಡಿದರೆ ಒಬ್ಬರು ನಿಮ್ಮ ಪರವಾಗಿ ದೂರು ತುಂಬಲು ನೆರವಾಗುತ್ತಾರೆ. ಮಾವನವರು ಬರೆದ ಚೆಕ್ಕುಗಳ ಪ್ರತಿಗಳನ್ನು ಬ್ಯಾಂಕಿನಿಂದ ತೆಗೆಸಿಕೊಳ್ಳಿ. ಹಿಂಬದಿಯಲ್ಲಿ ಯಾರ ಖಾತೆಗೆ ಹೋಯಿತೆಂಬ ಗುರುತಿರುತ್ತದೆ. ಮಾವನವರ ಕೈಯಿಂದ ಕಾಗದ ಕಿತ್ತುಕೊಳ್ಳಬೇಡಿ. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುವವರಿಗೆ ತಮ್ಮ ಹೆಸರು ಅಚ್ಚಾದ ಕಾಗದ ಬರುವುದೇ ಒಂದು ಸಡಗರ. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ‘ಮಾವಾ, ಇವನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿಕೊಡಿ, ಪೊಲೀಸರಿಗೆ ಬೇಕಂತೆ’ ಎನ್ನಿ. ದೂರಿಗೆ ಸಹಿಯೂ ಅವರದೇ ಇರಲಿ.

ಇದೇ ಸಂದರ್ಭದಲ್ಲಿ ಇಲ್ಲಿನವರಿಗೊಂದು ಮಾತು: ವಿದೇಶದ ಲಾಟರಿಗೆಂದು ಭಾರತದಿಂದ ಹಣ ಕಳಿಸುವುದನ್ನು 2000ದ ವಿದೇಶಿ ವಿನಿಮಯ ನಿಯಮಗಳು ಪೂರ್ತಿ ನಿಷೇಧಿಸಿವೆ. ಬಹುಮಾನ ಬಿಡಿಸಿಕೊಳ್ಳುವ ಶುಲ್ಕಕ್ಕೂ ಇದು ಅನ್ವಯ. ಹಾಗೆ ಕಳಿಸಿದ್ದರೆ ದೂರು ಕೊಡುವ ಮೊದಲು ವಕೀಲರನ್ನು ಕಾಣಿ, ಆದರೆ ಕೊಡುವುದನ್ನು ಬಿಡಬೇಡಿ.

ಪ್ರಶ್ನೆ: ನಾನು ಗ್ರಾಮೀಣ ಡಾಕ್ ಸೇವಕ. ನನ್ನ ಲೈನಿನಲ್ಲಿ ಈ ವರ್ಷ ಇಂಥ ಲಕೋಟೆ ಹನ್ನೊಂದು ಕೊಟ್ಟೆ. ಎರಡು ಮನೆಯವರು ಹಣ ಕಳೆದುಕೊಂಡರು. ಒಬ್ಬರು ‘ನೀನೇ ತಂದು ಕೊಟ್ಟಿದ್ದಲ್ಲವಾ’ ಎಂದು ರಸ್ತೆಯಲ್ಲಿ ನಿಲ್ಲಿಸಿ ಬೈದರು. ಲಕೋಟೆ ನೋಡಿದ ಕೂಡಲೇ ನನಗೆ ಗೊತ್ತಾಗುತ್ತದೆ. ಕೊಡದೆ ಇಟ್ಟುಕೊಂಡರೆ ತಪ್ಪಾಗುತ್ತದೆಯೇ?
— ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಬೈಸಿಕೊಂಡದ್ದಕ್ಕೆ ಬೇಸರವಾಯಿತು. ನಿಮ್ಮ ಮೇಲೆ ಯಾವ ಹೊಣೆಯೂ ಇಲ್ಲ, ಲಕೋಟೆಯೊಳಗೆ ಏನಿದೆಯೋ ಅದಕ್ಕೆ ತಲುಪಿಸುವವರು ಜವಾಬ್ದಾರರಲ್ಲ.

ಆದರೆ ತಡೆಹಿಡಿಯಬೇಡಿ, ತೆರೆಯಲೂ ಬೇಡಿ. 1898ರ ಹಳೆಯ ಅಂಚೆ ಕಾಯ್ದೆಯಲ್ಲಿ ಅನಧಿಕೃತ ಲಾಟರಿಯ ಟಿಕೆಟ್, ಆಹ್ವಾನಗಳನ್ನು ಅಂಚೆಯಲ್ಲಿ ಕಳಿಸಬಾರದೆಂದೇ ಒಂದು ಕಲಂ ಇತ್ತು. ಆ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ಅದರ 9ನೇ ಕಲಮಿನ ಪ್ರಕಾರ ಅಂಚೆಯನ್ನು ತಡೆದು ತೆರೆಸುವ ಅಧಿಕಾರ ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಮಾಡಿದ ಅಧಿಕಾರಿಗೆ ಮಾತ್ರ. ನೀವು ಒಳ್ಳೆಯ ಮನಸ್ಸಿನಿಂದ ಒಂದು ಲಕೋಟೆ ಇಟ್ಟುಕೊಂಡರೂ ಕೆಲಸಕ್ಕೆ ಕುತ್ತು ಬರಬಹುದು.

ನಿಮ್ಮ ಕೈಯಲ್ಲಿರುವುದು ಬೇರೆ. ಒಂದೇ ಥರದ ಲಕೋಟೆ ಹನ್ನೊಂದು ಬಂದವೆಂದು ಆ ವಿಭಾಗದಲ್ಲಿ ಬಲ್ಲವರು ನೀವೊಬ್ಬರೇ ಇರಬಹುದು. ಬಂದ ತಾರೀಕು, ಬುಕ್ ಆದ ಕಚೇರಿ ಇಷ್ಟನ್ನು ಬರೆದು ನಿಮ್ಮ ಉಪವಿಭಾಗದ ಅಂಚೆ ನಿರೀಕ್ಷಕರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಅವರು ಬುಕ್ ಆದ ಕಚೇರಿಗೂ ಪೊಲೀಸರಿಗೂ ಬರೆಯಬಲ್ಲರು. ಪಡೆದವರ ಹೆಸರುಗಳನ್ನು ಮಾತ್ರ ಊರಲ್ಲಿ ಬಾಯಿಬಿಡಬೇಡಿ. ಮುಂದಿನ ಲಕೋಟೆ ಬಂದಾಗ ಸಹಿ ಮಾಡಿಸಿಕೊಂಡು ಕೊಡಿ. ಅವರು ನಿಮ್ಮೆದುರೇ ಒಡೆದು ಕಾರ್ಡು ತೆಗೆದರೆ, ನೀವೂ ಅವರ ಜಗಲಿಯ ಮೇಲೆ ಎರಡು ನಿಮಿಷ ಕೂತು, ಹಣ ಕೇಳಿದರೆ ಹಾಕಬೇಡಿ, ಆ ಲಕೋಟೆಯನ್ನೂ ಬಿಸಾಡಬೇಡಿ ಎಂದು ಹೇಳಿ ಬನ್ನಿ.